ಉಣ್ಣೆ ಸುಟ್ಟ ವಾಸನೆ

ಅಂಗಡಿಯವನು ಮೋಸ ಮಾಡಿದ ಎಂದು ನಾನು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಮದುವೆಯಾದ ಹೊಸತರಲ್ಲಿ ಗಂಡನಿಗೆ ಹೇಳಿದ್ದೇನೆ. ಆಫೀಸಿನಲ್ಲಿ ಊಟದ ಡಬ್ಬಿ ತೆರೆಯುತ್ತ ಹೇಳಿದ್ದೇನೆ. ಒಂದು ಸಲ ಬರೆದೂ ಇದ್ದೇನೆ. ಹಾಗೆ ಹೇಳಿದರೆ ಎಲ್ಲ ಚೆನ್ನಾಗಿ ಕೂಡಿಕೊಳ್ಳುತ್ತದೆ: ಪೇಟೆಯ ಚಾಲಾಕಿ ವ್ಯಾಪಾರಿ, ಏನೂ ತಿಳಿಯದ ಹುಡುಗಿ, ಮಡಿ ಹೆಂಗಸು. ಅಷ್ಟು ಚೆನ್ನಾಗಿ ಕೂಡಿಕೊಳ್ಳುವುದರಿಂದಲೇ ಈಗ ನನಗೆ ಅದರ ಮೇಲೆ ನಂಬಿಕೆ ಇಲ್ಲ. ಮೊದಲಿಂದ ಹೇಳುತ್ತೇನೆ.

ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಮೂವರಿದ್ದೆವು. ಅಪ್ಪ, ಅಪ್ಪನ ಅಕ್ಕ, ನಾನು. ಅಪ್ಪನ ಅಕ್ಕನನ್ನು ನಾನು ಅತ್ತೆ ಎನ್ನುತ್ತಿದ್ದೆ. ನನಗೆ ನಾಲ್ಕು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಅದಾಗಲೇ ಗಂಡನನ್ನು ಕಳೆದುಕೊಂಡಿದ್ದ ಅತ್ತೆ ಆ ವಾರವೇ ಒಂದು ಟ್ರಂಕು ಹಿಡಿದು ಬಂದವಳು, ಟ್ರಂಕು ಇಳಿಸುವ ಮೊದಲೇ ನನ್ನ ತಲೆ ಬಾಚಿದಳಂತೆ. ಇದು ಅಪ್ಪ ಹೇಳಿದ್ದು. ಬಾಚಣಿಗೆಯ ಬಣ್ಣವೂ ನನಗೆ ನೆನಪಿದೆ, ಆದರೆ ಅದು ಬೇರೆ ಯಾವುದೋ ಬಾಚಣಿಗೆ ಇರಬಹುದು.

ನಾನು ಹೇಳಬೇಕಾಗಿರುವುದು ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲದ ಮಾತು. ಆಗ ನನಗೆ ಇಪ್ಪತ್ತಮೂರು. ಸುಲ್ತಾನ್‌ಪೇಟೆಯ ಒಂದು ಲಗ್ನಪತ್ರಿಕೆ ಅಂಗಡಿಯಲ್ಲಿ ಅಚ್ಚಿನ ತಪ್ಪು ತಿದ್ದುವ ಕೆಲಸ. ಅತ್ತೆಗೆ ಅರವತ್ತು ದಾಟಿತ್ತು, ಉಬ್ಬಸ ಹೆಚ್ಚಾಗಿತ್ತು. ಕಾರ್ತೀಕ ಮಾಸದಲ್ಲಿ ಒಂದು ಸಲ ಉಸಿರು ಸಿಕ್ಕಿಹಾಕಿಕೊಂಡು ತುಟಿ ನೀಲಿಯಾಯಿತು. ಡಾಕ್ಟರು ಇಂಜೆಕ್ಷನ್ ಕೊಟ್ಟು, ಅವಳನ್ನು ಹೊರಗೆ ಕೂರಿಸಿ, ನನ್ನನ್ನೂ ಅಪ್ಪನನ್ನೂ ಒಳಕ್ಕೆ ಕರೆದರು.

"ಲಂಗ್ಸ್ ಪೂರಾ ವೀಕ್ ಆಗ್ಬಿಟ್ಟಿದೆ. ಧನುರ್ಮಾಸ ಅಂತ ಬೆಳಗಿನ ಜಾವ ಎದ್ದು, ತಲೆ ಸ್ನಾನ ಮಾಡಿ, ಬರೀ ಮೈಲಿ ಒಲೆ ಮುಂದೆ ನಿಲ್ಲೋದು, ಇದೆಲ್ಲ ಈ ವರ್ಷ ಬೇಡ. ಇನ್ನೊಂದು ಸಲ ಎದೆ ಕಟ್ಟಿದ್ರೆ ಕಷ್ಟ."

"ಕಷ್ಟ ಅಂದ್ರೆ?" ಅಂದರು ಅಪ್ಪ.

"ಕಷ್ಟ ಅಂದ್ರೆ ಕಷ್ಟ ಸಾರ್," ಅಂದರು ಡಾಕ್ಟರು.

ಮನೆಗೆ ಬಂದು ಹೇಳಿದೆವು. ಅತ್ತೆ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. "ನಲವತ್ತು ವರ್ಷದಿಂದ ಒಂದು ದಿನ ತಪ್ಪಿಲ್ಲ," ಅಂದಳು. "ನಿಮ್ಮ ಡಾಕ್ಟ್ರು ನಿನ್ನೆ ಮೊನ್ನೆ ಬಂದೋರು."

ಧನುರ್ಮಾಸವೆಂದರೆ ಡಿಸೆಂಬರಿನ ನಡುವಿನಿಂದ ಸಂಕ್ರಾಂತಿಯವರೆಗೆ, ನಮ್ಮ ಊರಿನ ಅತಿ ಚಳಿಯ ಮೂವತ್ತು ದಿನ. ಆಕಾಶದಲ್ಲಿ ನಕ್ಷತ್ರವಿರುವಾಗಲೇ ಅವಳ ಸ್ನಾನ. ಮಡಿಕೋಲಿನಿಂದ ಗಳುವಿನ ಮೇಲಿನ ಸೀರೆ ಇಳಿಸಿ ಉಟ್ಟುಕೊಳ್ಳುವಳು. ರವಿಕೆ ಇಲ್ಲ, ಹೊಲಿದದ್ದು ಮಡಿಗೆ ಬರುವುದಿಲ್ಲ. ಗ್ಯಾಸ್ ಇತ್ತು, ಆದರೆ ಆ ತಿಂಗಳು ದಿನವೂ ನೈವೇದ್ಯಕ್ಕೆ ಮಾಡುವ ಹುಗ್ಗಿಗೆ ಇದ್ದಿಲ ಒಲೆಯೇ ಆಗಬೇಕು. ಅಡುಗೆಮನೆಯ ಹಿಂಬಾಗಿಲು ಹೊಗೆ ಹೋಗಲೆಂದು ತೆರೆದೇ ಇರುತ್ತಿತ್ತು. ಉಣ್ಣೆಯ ಧಾಬಳಿಯೊಂದನ್ನು ಹೊದೆಯುತ್ತಿದ್ದಳು, ಉಣ್ಣೆಗೆ ಮೈಲಿಗೆ ತಗಲುವುದಿಲ್ಲವೆಂದು. ಹಿಂದಿನ ವರ್ಷ ಬಗ್ಗಿದಾಗ ಅದರ ಸೆರಗು ಜಾರಿ ಒಲೆಗೆ ಬಿದ್ದು ಅರ್ಧ ಸುಟ್ಟುಹೋಗಿತ್ತು. ಅಂದಿನಿಂದ ಹೊದೆಯುವುದೆಂದರೆ ಅವಳಿಗೆ ಭಯ.

ಹೊದ್ದರೆ ಜಾರುತ್ತದೆ, ಹೊಲಿದರೆ ಮಡಿಯಲ್ಲ. ನಾನು ಈ ಎರಡರ ನಡುವೆ ಒಂದು ದಾರಿ ಕಂಡುಕೊಂಡೆ. ಸ್ಕೂಲಿನಲ್ಲಿ ಕಲಿತ ಹೆಣಿಗೆ ಕೈಯಲ್ಲಿ ಉಳಿದಿತ್ತು. ವೈರಿನಿಂದ ಜೋಡಿಸಿದ ಎರಡು ಕಡ್ಡಿಗಳಲ್ಲಿ ಸುತ್ತ ಸುತ್ತ ಹೆಣೆದರೆ, ಕತ್ತಿನಿಂದ ಶುರುವಾಗಿ ಸೊಂಟದವರೆಗೆ ಅಗಲವಾಗುತ್ತ ಹೋಗುವ, ತಲೆಯ ಮೇಲಿಂದ ಇಳಿಸಿಕೊಳ್ಳುವ ಒಂದು ಅಂಗಿಯಂಥದ್ದಾಗುತ್ತದೆ. ಎಲ್ಲೂ ಜೋಡಣೆ ಇಲ್ಲ. ತೋಳಿಲ್ಲ, ಕೈ ಅದರ ಕೆಳಗಿಂದ ಹೊರಬರುತ್ತದೆ.

ಅತ್ತೆ ತುಂಬ ಹೊತ್ತು ಯೋಚಿಸಿದಳು. ಕೋರ್ಟಿನ ಜಡ್ಜಿನ ಹಾಗೆ.

"ಕತ್ತರಿ ಬೀಳಬಾರದು."

"ಬೀಳಲ್ಲ."

"ಕಣ್ಣಿರೋ ಸೂಜಿ ಮುಟ್ಟಿಸಬಾರದು."

"ಕಡ್ಡಿಗೆ ಕಣ್ಣಿಲ್ಲ ಅತ್ತೆ, ನೋಡು."

"ಉಣ್ಣೆ ಆಗಿರಬೇಕು. ಉಣ್ಣೆ ಆದ್ರೆ ನೀನು ಬಸ್ಸಲ್ಲಿ ಕೂತು ಹಾಕಿದ್ರೂ ನನಗೆ ಅಡ್ಡಿಯಿಲ್ಲ."

ಅಪ್ಪ ಪೇಪರಿನ ಹಿಂದಿನಿಂದ, "ಕುರಿಗೂ ಸ್ನಾನ ಮಾಡಿಸಬೇಕಾ ಅಕ್ಕ?" ಅಂದರು.

"ನೀನು ಮೊದಲು ಮಾಡು," ಅಂದಳು ಅತ್ತೆ.

ಈಗ ನೂಲಿನ ಅಂಗಡಿಗೆ ಬರುತ್ತೇನೆ. ನಾನು ಹೇಳುತ್ತ ಬಂದ ಕಥೆಯಲ್ಲಿ, ಅಂಗಡಿಯವನು ಒಂದು ಬೂದು ಬಣ್ಣದ ಉಂಡೆ ಮುಂದಿಟ್ಟು ಅಪ್ಪಟ ಉಣ್ಣೆ ಎಂದು ಆಣೆ ಮಾಡುತ್ತಾನೆ. ಆ ವಾಕ್ಯವನ್ನು ಎಳೆದು ತೆಗೆಯುತ್ತೇನೆ. ನಡೆದದ್ದು ಇದು. ಆತ ವಯಸ್ಸಾದ ಮನುಷ್ಯ, ಹಣೆಯಲ್ಲಿ ವಿಭೂತಿ. ಎರಡು ಉಂಡೆಗಳನ್ನು ಮುಂದಿಟ್ಟ. ಒಂದು ಕಂದು ಬಣ್ಣದ್ದು, ಒರಟು, ಕುರಿಯ ವಾಸನೆ ಇನ್ನೂ ಬಿಟ್ಟಿರಲಿಲ್ಲ. ಇನ್ನೊಂದು ಬೂದು ಬಣ್ಣದ್ದು.

"ಇದು ಪ್ಯೂರು. ಚುಚ್ಚತ್ತೆ. ಇದು ಮಿಲ್ಲಿಂದು, ಉಣ್ಣೆ ಅಲ್ಲ, ಆದ್ರೆ ಮುಟ್ಟಿ ನೋಡಿ, ಬೆಣ್ಣೆ ಇದ್ದಂಗಿದೆ. ಯಾರಿಗಮ್ಮ?"

"ವಯಸ್ಸಾದೋರಿಗೆ."

"ಹಂಗಾದ್ರೆ ಇದೇ ತಗೊಳ್ಳಿ. ಹಗುರ."

ತೆಗೆದುಕೊಂಡೆ. ಚುಚ್ಚಬಾರದು ಎಂಬ ಪ್ರೀತಿಯಿಂದ ಎಂದು ಬರೆಯಲು ಕೈ ಹೋಗುತ್ತದೆ. ಸ್ವಲ್ಪ ಅದೂ ಇತ್ತು. ಆದರೆ ನಾನಾಗ ಮಡಿಯನ್ನು ನಂಬುತ್ತಿರಲಿಲ್ಲ, ಬೆಚ್ಚಗಿದ್ದರೆ ಸಾಕು, ಅವಳಿಗೇನು ಗೊತ್ತಾಗುತ್ತದೆ ಎಂದುಕೊಂಡೆ. ಇಪ್ಪತ್ತಮೂರು ವರ್ಷದವಳಿಗೆ ಅದು ಬುದ್ಧಿವಂತಿಕೆಯ ಹಾಗೆ ಕಾಣುತ್ತದೆ. ಮನೆಗೆ ಬಂದು ಉಂಡೆಗಳ ಮೇಲಿದ್ದ ಚೀಟಿಗಳನ್ನು ಸುಲಿದು ಬಚ್ಚಲ ಒಲೆಗೆ ಹಾಕಿದೆ. ಏನೂ ತಿಳಿಯದವಳು ಚೀಟಿಯನ್ನು ಸುಡುವುದಿಲ್ಲ.

ಮೂರು ವಾರದಲ್ಲಿ ಮುಗಿಯಿತು. ಧನುರ್ಮಾಸದ ಮೊದಲ ದಿನ ಅತ್ತೆ ಅದನ್ನು ತಲೆಯ ಮೇಲಿಂದ ಇಳಿಸಿಕೊಂಡಳು. ಬೂದು ಬಣ್ಣದ ಒಂದು ದೊಡ್ಡ ಗಂಟೆಯ ಹಾಗೆ ಕಂಡಳು. ಹತ್ತು ದಿನ ಒಂದು ಸಲವೂ ಕೆಮ್ಮಲಿಲ್ಲ. ಬೆಳಿಗ್ಗೆ ಹುಗ್ಗಿ ಬಡಿಸುವಾಗ ನನ್ನ ಎಲೆಗೆ ಗೋಡಂಬಿ ಹುಡುಕಿ ಹಾಕುತ್ತಿದ್ದಳು.

ಹನ್ನೊಂದನೆಯ ಬೆಳಿಗ್ಗೆ ವಾಸನೆಗೆ ಎಚ್ಚರವಾಯಿತು. ಪ್ಲಾಸ್ಟಿಕ್ ಬಕೆಟ್ಟು ಸುಟ್ಟಂಥ ವಾಸನೆ. ಓಡಿದೆ. ಅತ್ತೆ ಅಡುಗೆಮನೆಯ ನಲ್ಲಿಯ ಕೆಳಗೆ ಕೈ ಹಿಡಿದು ನಿಂತಿದ್ದಳು. ಇದ್ದಿಲಿನ ಕಿಡಿಯೊಂದು ಹಾರಿ ಆ ಬೂದು ಹೆಣಿಗೆಯ ಅಂಚಿಗೆ ಬಿದ್ದಿತ್ತು. ಉಣ್ಣೆಯಾಗಿದ್ದರೆ ಕರಿದಾಗಿ ಪುಡಿಯಾಗಿ ಉದುರುತ್ತಿತ್ತು. ಇದು ಕರಗಿ, ಬಿಸಿ ಹನಿಯಾಗಿ, ಮೊಳಕೈಯ ಕೆಳಗೆ ಚರ್ಮಕ್ಕೆ ಅಂಟಿಕೊಂಡಿತ್ತು. ಹನಿ ಎಳೆದರೆ ಚರ್ಮವೂ ಬಂತು.

ಅವಳು ತೂತಿನ ಅಂಚಿನಲ್ಲಿ ಗಟ್ಟಿಯಾಗಿದ್ದ ಕರಿ ಮಣಿಯನ್ನು ಉಗುರಿನಿಂದ ಮುಟ್ಟಿ ನೋಡಿದಳು.

"ಉಣ್ಣೆ ಹೀಗೆ ಕರಗಲ್ಲ ಕಣೇ," ಅಂದಳು.

ಅಪ್ಪ ಹಿಂದೆ ಬಂದು ನಿಂತಿದ್ದರು. "ಅಂಗಡಿಯವನು ಟೋಪಿ ಹಾಕಿರ್ತಾನೆ ಅಕ್ಕ. ಮಗು ಏನು ಮಾಡತ್ತೆ ಪಾಪ."

ನೋಡಿ, ಆ ಮಾತು ನನ್ನದಲ್ಲ. ಅಪ್ಪ ಕೊಟ್ಟದ್ದು. ನಾನು ತಲೆಯಾಡಿಸಿದೆ ಅಷ್ಟೆ.

ಅತ್ತೆ ಅದನ್ನು ತೆಗೆದು ಮೂಲೆಗಿಟ್ಟಳು. ಬೇಯುತ್ತಿದ್ದ ಹುಗ್ಗಿಯನ್ನು ಹಿತ್ತಲಿಗೆ ಸುರಿದಳು. ಮತ್ತೆ ಸ್ನಾನ ಮಾಡಿದಳು. ಈ ಸಲ ಒಣಗಿದ ಸೀರೆ ಇಳಿಸಲಿಲ್ಲ. ಸ್ನಾನ ಮಾಡಿದ ಸೀರೆಯನ್ನೇ ಹಿಂಡಿ, ಒದ್ದೆಯಲ್ಲೇ ಉಟ್ಟು ಒಲೆ ಮುಂದೆ ನಿಂತಳು.

"ಅತ್ತೆ, ಒದ್ದೆ ಬಟ್ಟೆ ಬೇಡ. ಡಾಕ್ಟ್ರು..."

"ಹತ್ತು ದಿನ ಮೈಲಿಗೆಯಲ್ಲಿ ನೈವೇದ್ಯ ಮಾಡಿದೀನಿ. ಅದು ಕಳೀಬೇಕಲ್ಲ."

"ಎಷ್ಟು ದಿನ?"

"ಉಣ್ಣೆ ಸಿಗೋವರೆಗೂ. ಇಲ್ಲ ಸಂಕ್ರಾಂತಿವರೆಗೂ."

ಸಂಕ್ರಾಂತಿಗೆ ಇನ್ನೂ ಹತ್ತೊಂಬತ್ತು ದಿನವಿತ್ತು. ಕೆಮ್ಮು ಆ ಸಂಜೆಯೇ ಶುರುವಾಯಿತು.

ಮಾರನೆಯ ದಿನ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆ. ಕಂದು ಉಣ್ಣೆಯನ್ನು ಕೇಳಿದಾಗ ಆತ ನನ್ನ ಮುಖ ನೋಡಿದ. ಒಂದು ಉಂಡೆ ಮುಗಿದು ಇನ್ನೊಂದನ್ನು ಸೇರಿಸುವಾಗ ಗಂಟು ಹಾಕಬೇಡಿ ಎಂದ. "ಎರಡೂ ತುದಿ ಬಿಡಿಸಿ, ಎಂಜಲು ಹಚ್ಚಿ ಅಂಗೈಲಿಟ್ಟು ಉಜ್ಜಿ. ಪ್ಯೂರು ತಾನಾಗೇ ಕೂಡ್ಕೊಳತ್ತೆ."

"ಎಂಜಲು ಆಗಲ್ಲ. ಮಡಿಗೆ."

"ನೀರು ಹಚ್ಚಿ ಹಂಗಾದ್ರೆ." ಪೊಟ್ಟಣ ಕಟ್ಟುತ್ತಿದ್ದ ಕೈ ನಿಂತಿತು. "ಮಡಿಗೆ ಅಂತ ಮೊದಲೇ ಹೇಳಬಾರದಿತ್ತಾ ತಾಯಿ? ಅದನ್ನ ಕೊಡ್ತಾನೇ ಇರ್ಲಿಲ್ವಲ್ಲ."

ಈ ಮನುಷ್ಯನನ್ನೇ ನಾನು ಮುಂದೆ ಹತ್ತಾರು ಜನರ ಮುಂದೆ ಕಳ್ಳನನ್ನಾಗಿ ಮಾಡಿದ್ದು.

ಹೆಣೆದೆ. ಶೂನ್ಯಮಾಸ, ಲಗ್ನಗಳಿಲ್ಲ, ಕೆಲಸ ಕಡಿಮೆ. ಅಚ್ಚಿನ ಹಾಳೆಗಳ ಕೆಳಗೆ ಕಡ್ಡಿ ಇಟ್ಟುಕೊಂಡು ಹೆಣೆದೆ, ಬಸ್ಸಿನಲ್ಲಿ ಹೆಣೆದೆ, ಸಂಜೆ ಅತ್ತೆಯ ಕೋಣೆಯ ಹೊರಗೆ ಕೂತು ಹೆಣೆದೆ. ಗೋಡೆಯಾಚೆ ಅವಳ ಉಸಿರು ಕೇಳುತ್ತಿತ್ತು. ಹಳೆಯ ಕೊಳಲಿನಲ್ಲಿ ಯಾರೋ ಒಂದೇ ಸ್ವರ ಊದುತ್ತ ಊದುತ್ತ ನಿಲ್ಲಿಸಿದ ಹಾಗೆ. ನಿಂತಾಗಲೆಲ್ಲ ನನ್ನ ಕೈಯೂ ನಿಲ್ಲುತ್ತಿತ್ತು. ಮತ್ತೆ ಕೇಳಿದಾಗ ನೂಲನ್ನು ಜಗ್ಗಿ ಎಳೆಯುತ್ತಿದ್ದೆ. ಕುಣಿಕೆಗಳು ಎಷ್ಟು ಬಿಗಿಯಾಗುತ್ತಿವೆ ಎಂದು ನೋಡುವಷ್ಟು ಬುದ್ಧಿ ಉಳಿದಿರಲಿಲ್ಲ. ಬೂದು ನೂಲಿಗೆ ಹಾಕಿದ್ದ ಕುಣಿಕೆಗಳ ಸಂಖ್ಯೆಯನ್ನೇ ಇದಕ್ಕೂ ಹಾಕಿದ್ದೆ. ಆ ನೂಲು ಹಿಗ್ಗುವಂಥದ್ದು, ಇದು ಅಲ್ಲ.

ಐದನೆಯ ದಿನ ಡಾಕ್ಟರು ಮನೆಗೇ ಬಂದು ಇಂಜೆಕ್ಷನ್ ಕೊಟ್ಟರು. ಆಸ್ಪತ್ರೆಗೆ ಸೇರಿಸಿ ಎಂದರು. ಅತ್ತೆ ಕೈಯಾಡಿಸಿದಳು, ಮಾತಾಡಲು ಉಸಿರಿರಲಿಲ್ಲ. ಮಾರನೆಯ ಬೆಳಿಗ್ಗೆ ಒದ್ದೆ ಸೀರೆ ನೆಲದ ಮೇಲೆ ನೀರು ಬಿಟ್ಟುಕೊಂಡು ಹೋದ ಜಾಡನ್ನು ನೋಡಿದೆ. ಅಪ್ಪ ಬಾಗಿಲಲ್ಲಿ ನಿಂತು, "ಅಕ್ಕ, ನಾನು ಮಾಡ್ತೀನಿ, ನೀನು ಮಲಕ್ಕೋ," ಎಂದು ಬೇಡಿಕೊಂಡರು. ಅವಳು ಕೋಲಿನಿಂದ ಬಾಗಿಲು ಮುಂದೆ ಮಾಡಿದಳು.

ಎಂಟನೆಯ ದಿನಕ್ಕೆ ಮುಗಿಯಿತು. ಭಾನುವಾರ ಮಧ್ಯಾಹ್ನ. ಕೋಣೆಯಲ್ಲಿ ಅವಳು ಗೋಡೆಗೆ ಒರಗಿ ಕೂತಿದ್ದಳು. ಮುಖ ಕೊಟ್ಟು ಮಾತಾಡಲು ಹೆದರಿ ಅಲ್ಲಿಯವರೆಗೆ ಒಂದು ಸಲವೂ ಅಳತೆ ನೋಡಿರಲಿಲ್ಲ. ಏನೂ ಹೇಳದೆ ಅವಳ ತಲೆಯ ಮೇಲೆ ಹಾಕಿ ಕೆಳಗೆಳೆದೆ.

ಕತ್ತಿನ ತೂತು ಕಿವಿಯ ಮೇಲೆ ಬಂದು ನಿಂತಿತು. ಇನ್ನೂ ಎಳೆದೆ. ಒಳಗಿನಿಂದ ಅವಳ ಕೈಗಳು ಬಡಿದುಕೊಂಡವು. ಉಣ್ಣೆ ಅವಳ ಬಾಯಿಯ ಜಾಗದಲ್ಲಿ ಒಳಕ್ಕೆ ಹೋಗುತ್ತಿತ್ತು, ಹೊರಕ್ಕೆ ಬರುತ್ತಿತ್ತು. ಮೇಲಕ್ಕೆ ಎಳೆದರೆ ತುರುಬು ಸಿಕ್ಕಿಕೊಂಡು ಬರುತ್ತಿರಲಿಲ್ಲ. ಇದು ಎಷ್ಟು ಹೊತ್ತು ನಡೆಯಿತೋ. ನೆನಪು ಇದನ್ನು ತುಂಬ ಉದ್ದ ಮಾಡಿ ಇಟ್ಟುಕೊಂಡಿದೆ. ಹತ್ತು ಸೆಕೆಂಡು ಇರಬಹುದು. ನಾನು ಕೊಲ್ಲುತ್ತಿದ್ದೇನೆ ಎಂದು ಆಗಲೇ ಮಾತಿನಲ್ಲಿ ಅನ್ನಿಸಿತೋ, ಆಮೇಲೆ ಸೇರಿಕೊಂಡಿತೋ ಗೊತ್ತಿಲ್ಲ. ಕೊನೆಗೆ ಕೂದಲಿನ ಸಮೇತ ಕಿತ್ತು ಬಂತು.

ಅವಳು ಬಾಯಿ ತೆರೆದು ಕೂತಿದ್ದಳು. ನಾನು ಉಬ್ಬಸದ ಪಂಪು ಹುಡುಕಿದೆ, ಔಷಧಿ ಒತ್ತಿದೆ, ಬೆನ್ನು ನೀವಿದೆ. ತುಂಬ ಹೊತ್ತಿನ ಮೇಲೆ ಒಂದೊಂದೇ ಮಾತು ಬಂತು.

"ಕುತ್ತಿಗೆ... ಹಿಚುಕಿದ್ರೆ... ಇದಕ್ಕಿಂತ ಬೇಗ ಆಗಿರೋದು."

ನಾನು ಅಳಲು ಶುರುಮಾಡಿದೆ. ಆಗಲ್ಲ ಅತ್ತೆ, ನನ್ನ ಕೈಲಾಗಲ್ಲ, ಇನ್ನು ಹತ್ತೇ ದಿನ ಇದೆ, ದಯವಿಟ್ಟು ಈ ವರ್ಷ ಬಿಟ್ಟುಬಿಡು ಎಂದೆ. ತಪ್ಪಿದ್ದದ್ದು ಕತ್ತಿನಲ್ಲಿ, ಎಲ್ಲಕ್ಕಿಂತ ಮೊದಲ ಸುತ್ತಿನಲ್ಲಿ. ಹೆಣಿಗೆ ಬಿಚ್ಚಿಕೊಳ್ಳುವುದು ಕೊನೆಯ ಸುತ್ತಿನಿಂದ. ಆ ಮೊದಲ ಸುತ್ತನ್ನು ಮುಟ್ಟಬೇಕಾದರೆ ಎಂಟು ದಿನದ್ದೆಲ್ಲ ಹೋಗಬೇಕು.

ಅತ್ತೆ ಅದನ್ನು ಮಡಿಲಿಗೆಳೆದುಕೊಂಡು ಕೊನೆಯ ತುದಿ ಎಲ್ಲಿದೆ ಎಂದು ಹುಡುಕಿದಳು. ಸಿಕ್ಕಿತು. ನನ್ನ ಕೈಗೆ ಕೊಟ್ಟಳು.

"ಬಿಚ್ಚು," ಅಂದಳು. ಎರಡೂ ಕೈ ಮುಂದೆ ಚಾಚಿದಳು, ಸುತ್ತಿಕೊಳ್ಳಲು.

ನಾನು ಎಳೆದಂತೆ ಕುಣಿಕೆಗಳು ಪಟಪಟನೆ ಬಿಟ್ಟುಕೊಂಡವು. ಸುಕ್ಕುಗಟ್ಟಿದ ನೂಲು ಅವಳ ಎರಡು ಕೈಗಳ ಸುತ್ತ ಲಡಿಯಾಗುತ್ತ ಹೋಯಿತು. ಸುತ್ತುವಾಗಲೆಲ್ಲ ನೂಲು ಅವಳ ಮೊಳಕೈಯ ಕೆಳಗಿನ ಗಾಯದ ಪಕ್ಕದಲ್ಲೇ ಹಾದು ಹೋಗುತ್ತಿತ್ತು. ಗಾಯ ಒಣಗಿರಲಿಲ್ಲ. ಅರ್ಧ ಆಗಿರಬೇಕು, ಅವಳು ಕೇಳಿದಳು.

"ಮೊದಲನೇದು ಉಣ್ಣೆ ಅಲ್ಲ ಅಂತ ನಿನಗೆ ಗೊತ್ತಿತ್ತಾ?"

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅನ್ನಕ್ಕೆ ನೀರು ಎಷ್ಟಿಟ್ಟೆ ಎಂದು ಕೇಳಿದ ಹಾಗಿತ್ತು. ಗೊತ್ತಿತ್ತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬೈಯುತ್ತಿದ್ದಳು, ಬೈಯಲು ಉಸಿರು ಸಾಲದೆ ಸುಮ್ಮನಾಗುತ್ತಿದ್ದಳು.

"ಇಲ್ಲ ಅತ್ತೆ. ಅಂಗಡಿಯವನು ಉಣ್ಣೆ ಅಂತಾನೇ ಕೊಟ್ಟ."

ಈ ಸಲ ಅಪ್ಪ ಕೋಣೆಯಲ್ಲಿರಲಿಲ್ಲ. ಮಾತು ಪೂರ್ತಿ ನನ್ನದೇ.

ಅವಳು ನನ್ನನ್ನು ನೋಡಿದಳು. "ಕೈ ನಡೆಸು," ಅಂದಳು. ನಡೆಸಿದೆ.

ಲಡಿಗಳನ್ನು ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ಸುಕ್ಕು ಹೋಗಲೆಂದು ಕೆಳಗೆ ತಾಮ್ರದ ಚೊಂಬು ಕಟ್ಟಿ ಬಚ್ಚಲ ಒಲೆಯ ಮೇಲಿನ ಗಳುವಿಗೆ ತೂಗುಹಾಕಿದೆವು. ಒಣಗಲು ಎರಡು ದಿನ. ಅಪ್ಪ ಎದ್ದಾಗಲೆಲ್ಲ ಹೋಗಿ ಮುಟ್ಟಿ ನೋಡುತ್ತಿದ್ದರು. ಈ ನಡುವೆ ಮೂಲೆಗೆ ಬಿದ್ದಿದ್ದ ಬೂದು ಅಂಗಿಯನ್ನು ತಾವೇ ಹಾಕಿಕೊಂಡಿದ್ದರು. "ನಾನು ಹೇಗೂ ಮೈಲಿಗೆಯವನು," ಎಂದು, ತೂತಿನಲ್ಲಿ ಬೆರಳಾಡಿಸುತ್ತ ಪೇಪರು ಓದುತ್ತಿದ್ದರು.

ಎರಡನೆಯ ಸಲ ಕತ್ತಿಗೆ ಇಪ್ಪತ್ತು ಕುಣಿಕೆ ಹೆಚ್ಚು ಹಾಕಿದೆ. ನಾಲ್ಕು ಸುತ್ತಿಗೊಮ್ಮೆ ಕುಣಿಕೆಗಳನ್ನು ಕಡ್ಡಿಯಿಂದ ಒಂದು ಬಿಡಿ ನೂಲಿನ ಮೇಲೆ ಇಳಿಸಿಕೊಂಡು, ಅತ್ತೆಯ ತಲೆಗೆ ಹಾಕಿ ನೋಡಿದೆ. ಅವಳು ಸುಮ್ಮನೆ ತಲೆ ಬಗ್ಗಿಸುತ್ತಿದ್ದಳು. ಒಣಗಲು ಎರಡು ದಿನ ಹೋಗಿ, ಹೆಣೆಯಲು ಮತ್ತೆ ಆರು ದಿನ ಹೋಯಿತು. ಆ ಎಂಟು ಬೆಳಿಗ್ಗೆಯೂ ಒದ್ದೆ ಸೀರೆ. ಪ್ರತಿ ಬೆಳಿಗ್ಗೆ ಹಾಸಿಗೆಯಲ್ಲಿ ಮಲಗಿ ಅವಳ ಕೆಮ್ಮು ಎಣಿಸುತ್ತಿದ್ದೆ. ಕೆಮ್ಮು ನಿಂತರೆ ಎದ್ದು ಕೂರುತ್ತಿದ್ದೆ. ಬದುಕಿದಳು. ಹೇಗೆ ಬದುಕಿದಳು ಎಂದು ಡಾಕ್ಟರಿಗೂ ಗೊತ್ತಿರಲಿಲ್ಲ, ನನ್ನ ಹೆಣಿಗೆಯಿಂದಂತೂ ಅಲ್ಲ. ಅದು ಮುಗಿದಾಗ ಉಳಿದಿದ್ದದ್ದು ಎರಡು ಬೆಳಿಗ್ಗೆ.

ಕೊನೆಯ ಕುಣಿಕೆ ಮುಚ್ಚಿದ ಮೇಲೆ ಉಳಿಯುವ ತುದಿಯನ್ನು ಸಾಮಾನ್ಯವಾಗಿ ಸೂಜಿಗೆ ಪೋಣಿಸಿ ಒಳಗೆ ಅಡಗಿಸಿ, ಉಳಿದದ್ದನ್ನು ಕತ್ತರಿಸುತ್ತಾರೆ. ಇಲ್ಲಿ ಸೂಜಿಯೂ ಇಲ್ಲ, ಕತ್ತರಿಯೂ ಇಲ್ಲ. ಒಂದು ಮೊಳಕ್ಕಿಂತ ಉದ್ದದ ನೂಲು ಬಾಲದ ಹಾಗೆ ಹಿಂದೆ ಜೋತಾಡುತ್ತ ಉಳಿಯಿತು.

ಮಾರನೆಯ ಬೆಳಿಗ್ಗೆ ಬಚ್ಚಲ ಕಡೆಯಿಂದ ಒಂದು ವಾಸನೆ ಬಂತು. ಕೂದಲು ಸುಟ್ಟಂಥದ್ದು. ಎದ್ದು ಹೋಗಿ ಬಾಗಿಲ ಸಂದಿಯಿಂದ ನೋಡಿದೆ. ಅತ್ತೆ ಬಚ್ಚಲ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಳು. ಬಾಲದ ತುದಿಯನ್ನು ಕೆಂಡಕ್ಕೆ ಹಿಡಿದು, ಸುಟ್ಟ ತುದಿಯನ್ನು ಮೂಗಿನ ಹತ್ತಿರ ತಂದಳು. ಎರಡು ಬೆರಳಿನಿಂದ ಉಜ್ಜಿದಳು. ಕರಿ ಪುಡಿಯಾಗಿ ಉದುರಿತು. ಆಮೇಲೆ ತಲೆಯ ಮೇಲಿಂದ ಇಳಿಸಿಕೊಂಡು, ಕೈ ತೊಳೆದು ಅಡುಗೆಮನೆಗೆ ಹೋದಳು. ನನ್ನನ್ನು ಏನೂ ಕೇಳಲಿಲ್ಲ. ಮುಂದೆ ಯಾವತ್ತೂ ಕೇಳಲಿಲ್ಲ.

ಅದರ ಮಾರನೆಯ ಬೆಳಿಗ್ಗೆಯೂ ಸುಟ್ಟಳು. ಮುಂದಿನ ವರ್ಷದ ಧನುರ್ಮಾಸದಲ್ಲೂ ಪ್ರತಿದಿನ, ಎಳ್ಳುಕಾಳಿನಷ್ಟು. ಅದೇ ಅಂಗಿ, ಅವಳ ಟ್ರಂಕಿನಲ್ಲೇ ಬೀಗ ಹಾಕಿಟ್ಟಿದ್ದು. ಯಾರೂ ಬದಲಾಯಿಸುವ ಹಾಗಿರಲಿಲ್ಲ. ಆದರೂ ಸುಟ್ಟಳು. ಅದರ ಮುಂದಿನ ವರ್ಷವೂ. ನಾನು ಕತ್ತಲೆಯಲ್ಲಿ ಮಲಗಿ ಆ ವಾಸನೆಗಾಗಿ ಕಾಯುತ್ತಿದ್ದೆ. ಬಂದ ಮೇಲೆ ಹೊದಿಕೆ ಎಳೆದುಕೊಂಡು ಮತ್ತೆ ನಿದ್ದೆ ಮಾಡುತ್ತಿದ್ದೆ.

ನಾನು ಮದುವೆಯಾಗಿ ತ್ಯಾಗರಾಜನಗರಕ್ಕೆ ಹೋದೆ. ಎರಡು ಸಾವಿರ ಇಸವಿ ಕಳೆದ ಮೇಲಿನ ಒಂದು ಡಿಸೆಂಬರಿನಲ್ಲಿ ನಾಲ್ಕು ದಿನಕ್ಕೆಂದು ಬಂದಿದ್ದೆ. ಒಂದು ಬೆಳಿಗ್ಗೆ ಎಚ್ಚರವಾಗಿ ಕಾದೆ. ವಾಸನೆ ಬರಲಿಲ್ಲ. ಎದ್ದು ಹೋದೆ. ಅತ್ತೆ ಆ ಕಂದು ಅಂಗಿ ಹಾಕಿಕೊಂಡು ಹುಗ್ಗಿ ತಿರುವುತ್ತಿದ್ದಳು. ಬೆನ್ನಿನ ಕಡೆ ಬಾಲ ನಾಲ್ಕು ಬೆರಳಿನಷ್ಟು ಉಳಿದಿತ್ತು.

"ಇವತ್ತು ಸುಡ್ಲಿಲ್ವಾ ಅತ್ತೆ?"

ನನಗೆ ಗೊತ್ತು ಎಂದು ಅವಳಿಗೂ ಗೊತ್ತಿತ್ತೇನೋ, ತಿರುಗಿ ನೋಡಲಿಲ್ಲ.

"ಇನ್ನು ಸುಟ್ರೆ ಬಿಚ್ಕೊಳತ್ತೆ," ಅಂದಳು.

ಈ ಬರಹದ ಮೊದಲ ಕರಡಿನಲ್ಲಿ ಇಲ್ಲಿಂದ ಮುಂದಕ್ಕೆ ಒಂದು ಪುಟವಿತ್ತು. ಅದರಲ್ಲಿ ನಾನು ಹೊಸ್ತಿಲಲ್ಲೇ ನಿಂತು, ನನಗೆ ಗೊತ್ತಿತ್ತು ಅತ್ತೆ, ಚೀಟಿ ನಾನೇ ಸುಟ್ಟೆ ಎಂದು ಹೇಳುತ್ತೇನೆ. ಅವಳು ಸೌಟು ಇಟ್ಟು ಏನೋ ಒಂದು ಮಾತು ಹೇಳುತ್ತಾಳೆ. ಒಳ್ಳೆಯ ಮಾತು. ಓದಿದವರು ಕಣ್ಣೊರೆಸಿಕೊಂಡರು. ಆ ಪುಟವನ್ನು ಬಿಚ್ಚಿಹಾಕಿದ್ದೇನೆ, ಯಾಕೆಂದರೆ ಹಾಗೆ ನಡೆಯಲಿಲ್ಲ. ನಾನು ಹೌದಲ್ವಾ ಎಂದೆ. ಅವಳು, "ಅಲ್ಲೇ ನಿಂತ್ಕೋ, ಮುಟ್ಟಬೇಡ, ನಿನ್ನ ಸ್ನಾನ ಆಗಿಲ್ಲ," ಅಂದಳು. ಸ್ವಲ್ಪ ಹೊತ್ತು ನಿಂತಿದ್ದೆ. ಕಾಲಿಗೆ ನೆಲ ತಣ್ಣಗಿತ್ತು. ಆಮೇಲೆ ಹೋಗಿ ಮಲಗಿಕೊಂಡೆ.

ಮುಂದಿನ ಧನುರ್ಮಾಸಕ್ಕೆ ಅವಳಿರಲಿಲ್ಲ. ಟ್ರಂಕು ನನಗೆ ಬಂತು. ಬಾಲ ಈಗಲೂ ನಾಲ್ಕು ಬೆರಳಿನಷ್ಟಿದೆ.